ಆಗುಂಬೆಗೆ ಹೊರಟವರ ಬಟ್ಟೆಯ ಗಂಟು

ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಆಗುಂಬೆಯಲ್ಲಿ 7,000ಕ್ಕೂ ಮಿಕ್ಕಿ. ದಸರೆಯ ರಜೆಯಲ್ಲಿ ಅಲ್ಲಿಗೆ ಹೊರಡುವ ನಮ್ಮ ಸೀಮೆಯ ವಿದ್ಯಾರ್ಥಿಯು ಕೊಡೆಯನ್ನು ಮರೆಯಲಾರನು. ಅಕ್ಟೋಬರಿನಲ್ಲಿಯೂ ಅಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರುವುದುಂಟು. ಆದರೆ ನೆನೆದ ಬಟ್ಟೆ ಒಣಗದಿರುವುದೇ ಅಲ್ಲಿನ ದೊಡ್ಡ ತೊಂದರೆ.

ಗಾಳಿಯು ತಣಿದಷ್ಟೂ ಅದರಲ್ಲಿ ಹಿಡಿಯುವ ನೀರಾವಿ ಕಡಮೆಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಘನಮೀಟರಿಗೆ ಸುಮಾರು 30 ಗ್ರಾಂ ಹಿಡಿಯುವ ಗಾಳಿಗೆ 20 ಡಿಗ್ರಿಯಲ್ಲಿ 17 ಗ್ರಾಮೇ ಮಿತಿ. ಮಲೆನಾಡಿನ ರಾತ್ರಿ ಈ ಮಿತಿ ತುಂಬಿಹೋಗಿರುವಾಗ ಹಗ್ಗದ ಮೇಲಿನ ಅಂಗಿ ಆರುವುದೆಂತು? ಗಂಗಾವತಿಯಲ್ಲಿ ಮೋಡದ ದಿನ ಬತ್ತ ಒಣಹಾಕಿದವರಿಗೆ ಈ ಪಾಡು ಹೊಸದಲ್ಲ.

ಹತ್ತಿಯ ನೂಲು ನೀರನ್ನು ಒಳಕ್ಕೆ ಹೀರುತ್ತದೆ. ಪಾಲಿಯೆಸ್ಟರು ಹೀರುವುದು ಅತ್ಯಲ್ಪ, ಆದುದರಿಂದ ಬೇಗ ಒಣಗುತ್ತದೆ. ದಪ್ಪ ಹತ್ತಿಯ ಬಟ್ಟೆ ಮನೆಯಲ್ಲಿಯೇ ಇರಲಿ. ಮಲಗುವಾಗ ತೊಡಲು ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟು, ಹಗಲು ಎಷ್ಟೇ ನೆನೆದರೂ ಅದನ್ನು ಮುಟ್ಟಬಾರದು.