ತಲೆಯ ಹೊಟ್ಟು: ಅದರ ಕಾರಣ ಮತ್ತು ಚಿಕಿತ್ಸೆ



ಆರೋಗ್ಯದ ಪಾಠವೆಂದರೆ ಕ್ಷಯ, ಮಲೇರಿಯಾ, ಸಕ್ಕರೆ ರೋಗ ಮುಂತಾದ ದೊಡ್ಡ ರೋಗಗಳ ಮಾತೇ ಸಾಮಾನ್ಯವಾಗಿ ಬರುತ್ತದೆ. ಇಂದಿನ ಪಾಠದ ವಿಷಯ ಸಣ್ಣದು. ಇದರಿಂದ ಯಾರೂ ಸಾಯುವುದಿಲ್ಲ, ಯಾರ ಕೆಲಸವೂ ಪೂರ್ತಿ ನಿಲ್ಲುವುದಿಲ್ಲ. ಆದರೂ ಇದು ಮನುಷ್ಯನನ್ನು ನಾಲ್ಕು ಜನರ ನಡುವೆ ಕುಗ್ಗಿಸುತ್ತದೆ, ರಾತ್ರಿಯ ನಿದ್ರೆ ಕೆಡಿಸುತ್ತದೆ, ತಪ್ಪು ಔಷಧಕ್ಕೆ ದುಡ್ಡು ಸುರಿಯುವಂತೆ ಮಾಡುತ್ತದೆ. ತಲೆಯ ಹೊಟ್ಟು, ಅದರೊಡನೆ ಬರುವ ತುರಿಕೆ ಹಾಗೂ ಉರಿ, ಇವೇ ನಮ್ಮ ಇಂದಿನ ವಿಷಯ. ಬರೆಯುವವನು ಗಿರಣಿಯ ಗುಮಾಸ್ತನೇ ಹೊರತು ವೈದ್ಯನಲ್ಲ. ವೈದ್ಯಶಾಸ್ತ್ರದಲ್ಲಿ ನಿಶ್ಚಿತವಾಗಿರುವ ಸಂಗತಿಗಳನ್ನು ಸರಳವಾಗಿ ಮುಂದಿಡುವುದಷ್ಟೇ ಇಲ್ಲಿಯ ಉದ್ದೇಶ.

ಕುರಕುಂಭದಂಥ ಊರಿನಲ್ಲಿ ಈ ಪಾಠಕ್ಕೆ ವಿಶೇಷ ಕಾರಣವುಂಟು. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರದ ಕಡೆಯಿಂದ ಬಂದ ನಮ್ಮವರು ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಇರುತ್ತಾರೆ. ಕನ್ನಡಿ ಒಂದೇ, ಬಾಚಣಿಗೆಯೂ ಎಷ್ಟೋ ಕಡೆ ಒಂದೇ. ಪಾಳಿಯ ಕೆಲಸ, ತಲೆಯ ಮೇಲೆ ದಿನವಿಡೀ ಹೆಲ್ಮೆಟ್ಟು. ಹೀಗಿರುವಾಗ ಒಬ್ಬನ ಭುಜದ ಮೇಲೆ ಬಿಳಿ ಪುಡಿ ಉದುರಿತೆಂದರೆ ಉಳಿದವರ ಕಣ್ಣಿಗೆ ಬೀಳದೆ ಇರುವುದಿಲ್ಲ.

೧. ಹೆಸರೇ ಹೇಳುವ ಅರ್ಥ

ಜೋಳ ಕೇರುವಾಗ ಗಾಳಿಗೆ ಹಾರುವುದನ್ನು ನಾವು ಹೊಟ್ಟು ಎನ್ನುತ್ತೇವೆ. ತಲೆಯಿಂದ ಉದುರುವುದಕ್ಕೂ ಅದೇ ಹೆಸರು. ಇಲ್ಲಿಯ ಮರಾಠಿ ಜನ ಇದನ್ನು ‘ಕೋಂಡಾ’ ಎನ್ನುತ್ತಾರೆ. ಆ ಮಾತಿನ ಅರ್ಥವೂ ಧಾನ್ಯದ ಹೊಟ್ಟೇ. ಯುರೋಪಿನ ವೈದ್ಯರು ಹೊಟ್ಟಿನಂತೆ ಉದುರುವ ಚರ್ಮರೋಗಗಳಿಗೆ ‘ಪಿಟಿರಿಯಾಸಿಸ್’ ಎಂಬ ಹೆಸರಿಟ್ಟರು. ಅದರ ಮೂಲವಾದ ಗ್ರೀಕ್ ಮಾತಿಗೆ ತೌಡು ಎಂದರ್ಥ. ಮೂರು ಭಾಷೆಯ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಹೋಲಿಕೆ ಹುಡುಕಿದರೆಂದ ಮೇಲೆ, ಈ ಬಾಧೆ ಯಾವ ಒಂದು ಊರಿನದೂ ಜಾತಿಯದೂ ಅಲ್ಲವೆಂದು ತಿಳಿಯಬಹುದು. ದೊಡ್ಡವರಾದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಇದು ಬರುತ್ತದೆ.

ಉದುರುವುದು ನಮ್ಮದೇ ಚರ್ಮ. ನೆತ್ತಿಯ ಚರ್ಮದ ಕೆಳಪದರದಲ್ಲಿ ಹುಟ್ಟಿದ ಕಣ ಮೇಲಕ್ಕೆ ಬಂದು ಒಣಗಿ ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಆಗ ಅದು ಒಂದೊಂದಾಗಿ ಉದುರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟು ಇದ್ದವರಲ್ಲಿ ಈ ಕೆಲಸ ಅವಸರದಿಂದ ನಡೆಯುತ್ತದೆ. ಪಕ್ವವಾಗದ ಕಣಗಳು ಒಂದಕ್ಕೊಂದು ಅಂಟಿಕೊಂಡು ಹೆಕ್ಕಳೆಗಳಾಗಿ ಏಳುತ್ತವೆ.

೨. ಅವಸರಕ್ಕೆ ಕಾರಣವೇನು?

ಫ್ರಾನ್ಸ್ ದೇಶದ ಲೂಯಿ ಮಲಾಸೆ ಎಂಬ ವಿಜ್ಞಾನಿ 1874ರಲ್ಲಿ ಈ ಹೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದರಲ್ಲಿ ಬಹು ಸಣ್ಣ ಶಿಲೀಂಧ್ರವಿರುವುದನ್ನು ವರ್ಣಿಸಿದನು. ಹಿಟ್ಟು ಹುಳಿ ಬರಿಸುವ ಯೀಸ್ಟಿನ ಬಳಗಕ್ಕೆ ಸೇರಿದ ಜೀವಿ ಇದು. ಅವನ ಹೆಸರಿನಿಂದಲೇ ಇದನ್ನು ಈಗ ‘ಮಲಾಸೆಜಿಯಾ’ ಎಂದು ಕರೆಯುತ್ತಾರೆ. ಇದು ರೋಗಿಯ ತಲೆಯಲ್ಲಷ್ಟೇ ಅಲ್ಲ, ಆರೋಗ್ಯವಂತರ ತಲೆಯಲ್ಲಿಯೂ ಇರುತ್ತದೆ.

ಈ ಜೀವಿಗೆ ಎಣ್ಣೆಯೇ ಆಹಾರ. ನಮ್ಮ ನೆತ್ತಿಯ ಗ್ರಂಥಿಗಳು ಸುರಿಸುವ ಜಿಡ್ಡನ್ನು ಅದು ಒಡೆದು ತನಗೆ ಬೇಕಾದುದನ್ನು ಉಂಡು, ಬೇಡವಾದುದನ್ನು ಬಿಡುತ್ತದೆ. ಹಾಗೆ ಉಳಿದುದರಲ್ಲಿ ಓಲಿಯಿಕ್ ಆಮ್ಲ ಒಂದು. ಕೆಲವರ ಚರ್ಮ ಇದನ್ನು ಸಹಿಸುತ್ತದೆ. ಕೆಲವರದು ಸಹಿಸದೆ ಕೆರಳುತ್ತದೆ. ಕೆರಳಿದ ಚರ್ಮ ಬೇಗ ಬೇಗ ಪದರ ಕಳಚುತ್ತದೆ, ತುರಿಸುತ್ತದೆ, ಕೆಂಪಾಗುತ್ತದೆ. ಕೆಂಪು ಮತ್ತು ಜಿಡ್ಡುಗಟ್ಟಿದ ಹಳದಿ ಹೆಕ್ಕಳೆಗಳು ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ, ಎದೆಯ ಮೇಲೆ ಸಹ ಕಂಡರೆ ವೈದ್ಯರು ಅದನ್ನು ‘ಸೆಬೊರಿಕ್ ಡರ್ಮಟೈಟಿಸ್’ ಎನ್ನುತ್ತಾರೆ. ಹೊಟ್ಟು ಅದರ ಸೌಮ್ಯ ರೂಪ.

ಹರೆಯಕ್ಕೆ ಬಂದ ಮೇಲೆ ಜಿಡ್ಡಿನ ಗ್ರಂಥಿಗಳು ಚುರುಕಾಗುತ್ತವೆ. ಆದುದರಿಂದಲೇ ತರುಣರಲ್ಲಿ, ಅದರಲ್ಲೂ ಗಂಡಸರಲ್ಲಿ, ಈ ಬಾಧೆ ಹೆಚ್ಚು. ಚಳಿಗಾಲದ ಒಣ ಹವೆ, ನಿದ್ರೆಗೇಡು, ಮನಸ್ಸಿನ ಚಿಂತೆ ಇದನ್ನು ಉಲ್ಬಣಗೊಳಿಸುತ್ತವೆ. ರಾತ್ರಿಪಾಳಿಯ ವಾರದಲ್ಲಿ ತುರಿಕೆ ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ಅದು ನೆಪವಲ್ಲ.

೩. ಇದು ಅಂಟುರೋಗವಲ್ಲ

ವಾಚನಾಲಯಕ್ಕೆ ಬರುವ ಒಬ್ಬ ತರುಣನನ್ನು ಅವನ ಖೋಲಿಯವರು ಬಾಗಿಲ ಬಳಿ ಬೇರೆ ಮಲಗಿಸಿದ್ದರು. ಅವನ ಟವೆಲ್ಲು ಬೇರೆ ಹಗ್ಗದ ಮೇಲೆ, ತಟ್ಟೆ ಬೇರೆ ಮೂಲೆಯಲ್ಲಿ. ಅವನು ಊರಿಗೆ ಹೋಗಿಬಿಡುವ ಮಾತಾಡುತ್ತಿದ್ದ. ಆ ಖೋಲಿಯವರು ಕೆಟ್ಟವರಲ್ಲ, ತಿಳಿಯದವರು. ಎಲ್ಲರ ತಲೆಯಲ್ಲೂ ಮೊದಲೇ ಇರುವ ಜೀವಿ ಒಬ್ಬನಿಂದ ಇನ್ನೊಬ್ಬನಿಗೆ ಅಂಟಿ ರೋಗ ತರುವುದಿಲ್ಲ. ಹೊಟ್ಟು ಇದ್ದವನ ಪಕ್ಕದಲ್ಲಿ ಮಲಗಬಹುದು, ಉಣ್ಣಬಹುದು. ಬಾಚಣಿಗೆ ಒಬ್ಬೊಬ್ಬರಿಗೆ ಒಂದೊಂದು ಇರುವುದು ಒಳ್ಳೆಯದೇ. ಹೇನು ಮತ್ತು ಹುಳುಕಡ್ಡಿ ಹರಡದಿರಲೆಂದು ಅದು ಬೇಕು, ಹೊಟ್ಟಿಗಾಗಿ ಅಲ್ಲ.

ಹಾಗೆಯೇ ಇದು ಕೊಳಕಿನ ಗುರುತೂ ಅಲ್ಲ. ದಿನವೂ ಸ್ನಾನ ಮಾಡುವವರಿಗೂ ಬರುತ್ತದೆ. ತಲೆ ತೊಳೆಯದೆ ಬಿಟ್ಟರೆ ಹೆಚ್ಚುತ್ತದೆಂಬುದು ನಿಜ. ಆದರೆ ತೊಳೆಯದಿದ್ದುದೇ ಮೂಲವೆಂದು ಹೇಳಿ ಯಾರನ್ನೂ ನಾಚಿಸಬಾರದು. ಬೊಕ್ಕತಲೆಯಾಗುತ್ತದೆಂಬ ಭಯವನ್ನೂ ಬಿಡಬೇಕು. ಕೆರೆಯುವುದರಿಂದ ಕೂದಲು ಉದುರಬಹುದು. ನೆತ್ತಿ ಶಾಂತವಾದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ.

೪. ಎಣ್ಣೆಯ ಪ್ರಶ್ನೆ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಹೊಟ್ಟು ಕಂಡೊಡನೆ ತಲೆ ಒಣಗಿತೆಂದು ಎಣಿಸಿ ನಾವು ಎಣ್ಣೆ ತಟ್ಟುತ್ತೇವೆ. ಎಣ್ಣೆಯಿಂದ ಹೆಕ್ಕಳೆ ಮೆತ್ತಗಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ; ಎರಡು ದಿನ ಉದುರದಿದ್ದುದನ್ನು ಗುಣವೆಂದು ಭಾವಿಸುತ್ತೇವೆ. ಆದರೆ ಶಿಲೀಂಧ್ರದ ಆಹಾರವೇ ಜಿಡ್ಡು ಎಂಬುದನ್ನು ಮೇಲೆ ನೋಡಿದೆವು. ದಿನಗಟ್ಟಲೆ ತಲೆಯಲ್ಲಿ ಎಣ್ಣೆ ಬಿಡುವುದು ಅದಕ್ಕೆ ಊಟ ಬಡಿಸಿದಂತೆ. ದಪ್ಪ ಹೆಕ್ಕಳೆ ಮೆತ್ತಗಾಗಲೆಂದು ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಸ್ವಲ್ಪ ಎಣ್ಣೆ ಹಚ್ಚಿ ಪೂರ್ತಿ ತೊಳೆದುಬಿಟ್ಟರೆ ಬಾಧಕವಿಲ್ಲ. ಗುಣವಾಗುವವರೆಗೆ ರಾತ್ರಿಯಿಡೀ ಎಣ್ಣೆ ಬೇಡ. ಕೆರೆದು ಗಾಯವಾದ ನೆತ್ತಿಗೆ ನಿಂಬೆರಸ ಹಿಂಡುವುದೂ ಬೇಡ, ಉರಿ ಹೆಚ್ಚುತ್ತದೆ.

೫. ಔಷಧ, ಮತ್ತು ಅದನ್ನು ಹಚ್ಚುವ ಕ್ರಮ

1970ರ ದಶಕದಲ್ಲಿ ಬೆಲ್ಜಿಯಂ ದೇಶದಲ್ಲಿ ಸಿದ್ಧವಾದ ‘ಕೀಟೋಕೊನಝೋಲ್’ ಎಂಬುದು ಶಿಲೀಂಧ್ರವನ್ನು ಅಡಗಿಸುವ ಔಷಧ. ಇದರ ಶೇಕಡಾ 2ರ ಶಾಂಪೂ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ‘ಝಿಂಕ್ ಪೈರಿಥಿಯೋನ್’, ‘ಸೆಲೆನಿಯಂ ಸಲ್ಫೈಡ್’ ಎಂಬವೂ ಉಪಯುಕ್ತ. ಶೀಶೆಯ ಮುಂಭಾಗದ ದೊಡ್ಡಕ್ಷರದ ಹೆಸರನ್ನು ನಂಬದೆ, ಹಿಂಭಾಗದ ಸಣ್ಣಕ್ಷರದಲ್ಲಿ ಈ ಮೂರರಲ್ಲಿ ಒಂದು ಇದೆಯೇ ಎಂದು ಓದಿ ಕೊಳ್ಳಬೇಕು.

ಔಷಧ ಕೊಂಡವರಲ್ಲಿ ಅನೇಕರು ಗುಣ ಕಾಣದಿರುವುದಕ್ಕೆ ಕಾರಣ ಔಷಧವಲ್ಲ, ಹಚ್ಚುವ ರೀತಿ. ನಲ್ಲಿಯ ಮುಂದೆ ಸಾಲು ನಿಂತಿರುತ್ತದೆ. ನೊರೆ ಬಂದೊಡನೆ ತೊಳೆದುಬಿಡುತ್ತೇವೆ. ಆಗ ಔಷಧ ಬಚ್ಚಲಿಗೆ ಹೋಗುತ್ತದೆ. ಕೀಟೋಕೊನಝೋಲ್ ಶಾಂಪೂವಿನ ಕ್ರಮ ಹೀಗಿದೆ:

ಮೊದಲು ತಲೆಯನ್ನು ನೀರಿನಿಂದ ಚೆನ್ನಾಗಿ ತೋಯಿಸಬೇಕು. ಎಣ್ಣೆಯಿದ್ದರೆ ಸಾದಾ ಶಾಂಪೂವಿನಿಂದ ತೆಗೆಯಬೇಕು. ಆಮೇಲೆ ಔಷಧವನ್ನು ಕೂದಲಿಗಲ್ಲ, ಬೆರಳ ತುದಿಯಿಂದ ನೆತ್ತಿಯ ಚರ್ಮಕ್ಕೆ ಹಚ್ಚಬೇಕು, ಉಗುರು ತಾಗಿಸಬಾರದು. 3ರಿಂದ 5 ನಿಮಿಷ ಹಾಗೆಯೇ ಬಿಡಬೇಕು. ಆ ಹೊತ್ತಿನಲ್ಲಿ ಮೈ ಉಜ್ಜಿಕೊಳ್ಳಬಹುದು. ಕಣ್ಣಿಗೆ ತಾಗದಂತೆ ನೋಡಿಕೊಂಡು ತೊಳೆಯಬೇಕು. ವಾರಕ್ಕೆ 2 ಸಲದಂತೆ 2ರಿಂದ 4 ವಾರ ಹೀಗೆ ಮಾಡಬೇಕು.

ಗುಣವಾದ ಮೇಲೆ ನಿಲ್ಲಿಸಿದರೆ ಬಾಧೆ ಮರಳುವುದು ಸಹಜ. ಆ ಜೀವಿ ನಮ್ಮ ತಲೆಯ ಕಾಯಂ ಬಿಡಾರದವನು. ಆದುದರಿಂದ ವಾರಕ್ಕೆ ಅಥವಾ 15 ದಿನಕ್ಕೆ ಒಂದು ಸಲ ಅದೇ ಔಷಧವನ್ನು ಮುಂದುವರಿಸುವುದುಂಟು. ಬೇರುಸಹಿತ ಕಿತ್ತೊಗೆಯುತ್ತೇವೆಂದು ಜಾಹೀರಾತು ಹಾಕುವವರಿಗೆ ಹಣ ಕೊಡಬಾರದು. ಇದು ಹದ್ದಿನಲ್ಲಿಡುವ ಬಾಧೆ, ಹದ್ದಿನಲ್ಲಿ ಇರುತ್ತದೆ. ಕೀಟೋಕೊನಝೋಲ್ ಮಾತ್ರೆಗಳನ್ನು ಮಾತ್ರ ಹೊಟ್ಟಿಗಾಗಿ ನಾವಾಗಿ ನುಂಗಬಾರದು. ಅವು ಯಕೃತ್ತಿಗೆ ಹಾನಿ ಮಾಡಬಲ್ಲವೆಂದು 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ಅಧಿಕಾರಿಗಳು ಕಟ್ಟುನಿಟ್ಟಾದ ಎಚ್ಚರಿಕೆ ಕೊಟ್ಟರು.

೬. ಅಂಗಡಿಯವನು ಕೊಡುವ ಟ್ಯೂಬು

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ತುರಿಕೆಯೆಂದು ಹೇಳಿದೊಡನೆ ಕೆಲವು ಅಂಗಡಿಗಳಲ್ಲಿ ಚೀಟಿ ಕೇಳದೆ ಒಂದು ಮುಲಾಮು ಕೈಗೆ ಬರುತ್ತದೆ. ಹಚ್ಚಿದ ಮರುದಿನವೇ ತುರಿಕೆ ಮಾಯ. ಬಹಳ ಸಲ ಆ ಮಾಯೆಯ ಗುಟ್ಟು ಸ್ಟೀರಾಯ್ಡ್. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯತಕ್ಕದ್ದು. ವೈದ್ಯರು ಇಷ್ಟು ದಿನವೆಂದು ಲೆಕ್ಕ ಹಾಕಿ ಕೊಟ್ಟಾಗ ಇದು ಒಳ್ಳೆಯ ಔಷಧ; ಆಗ ಅಂಜಬೇಕಾಗಿಲ್ಲ. ನಾವಾಗಿ ತಿಂಗಳುಗಟ್ಟಲೆ ಮುಖಕ್ಕೂ ನೆತ್ತಿಗೂ ಹಚ್ಚುತ್ತ ಹೋದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಏಳುತ್ತವೆ, ಮೊಡವೆ ತುಂಬುತ್ತದೆ. ಬಿಟ್ಟೊಡನೆ ಉರಿ ಇಮ್ಮಡಿಯಾಗಿ ಮರಳುತ್ತದೆ. ಇದ್ದದ್ದು ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹರಡುತ್ತದೆ. ಈ ದುರುಪಯೋಗವನ್ನು ತಡೆಯಲು ಭಾರತ ಸರ್ಕಾರವು 2018ರಲ್ಲಿ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಕೊಡುವವನು ಉಪಕಾರ ಮಾಡುತ್ತಿಲ್ಲ.

೭. ಹೊಟ್ಟಿನಂತೆ ಕಾಣುವ ಬೇರೆ ಬಾಧೆಗಳು

ನಾಲ್ಕು ವಾರ ಕ್ರಮವಾಗಿ ಔಷಧ ಹಚ್ಚಿಯೂ ಕಡಿಮೆಯಾಗದಿದ್ದರೆ ಅದು ಬೇರೆ ಬಾಧೆಯಿರಬಹುದು. ಬೆಳ್ಳಿಯಂತೆ ಹೊಳೆಯುವ ದಪ್ಪ ಹೆಕ್ಕಳೆ, ಅದರೊಡನೆ ಮೊಣಕೈ, ಮೊಣಕಾಲಿನ ಮೇಲೂ ಅಂಥದೇ ಮಚ್ಚೆ, ಉಗುರಿನಲ್ಲಿ ಸಣ್ಣ ಗುಳಿ ಇದ್ದರೆ ಸೋರಿಯಾಸಿಸ್ ಇರಬಹುದು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಮುರಿದು ಬೋಳಾಗಿದ್ದರೆ ಅದು ಹುಳುಕಡ್ಡಿ. ಅಂಟುತ್ತದೆ, ಶಾಂಪೂವಿನಿಂದ ಹೋಗದು, ವೈದ್ಯರು ಕೊಡುವ ಮಾತ್ರೆಯೇ ಬೇಕು. ಬಿಳಿ ಕಣ ಕೂದಲಿಗೆ ಕಚ್ಚಿಕೊಂಡು ಜಾರದಿದ್ದರೆ ಅದು ಸೀರು. ಕೂದಲಿಗೆ ಕಪ್ಪು ಬಣ್ಣ ಹಚ್ಚಿದ ಒಂದೆರಡು ದಿನದಲ್ಲಿ ನೆತ್ತಿ ಉರಿದು ನೀರೊಸರಿದರೆ ಬಣ್ಣದ ಅಲರ್ಜಿ. ಅದನ್ನು ಮತ್ತೆ ಮುಟ್ಟಬಾರದು. ಎಳೆಗೂಸಿನ ನೆತ್ತಿಯ ಹಳದಿ ಪೊರೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಕೀಳಬಾರದು. ಹೊಟ್ಟು ಒಮ್ಮೆಲೆ ಉಗ್ರವಾಗಿ ಮೈಗೆಲ್ಲ ಹರಡಿದರೆ ವೈದ್ಯರು ರಕ್ತ ಪರೀಕ್ಷೆ ಹೇಳಬಹುದು. ದೇಹದ ರೋಗನಿರೋಧ ಶಕ್ತಿ ಕುಗ್ಗಿದಾಗಲೂ ಹೀಗಾಗುವುದುಂಟು. ಅಪಮಾನವೆಂದು ತಿಳಿಯದೆ ಮಾಡಿಸಿಕೊಳ್ಳಬೇಕು.

ಕುರಕುಂಭದ ಔದ್ಯೋಗಿಕ ವಸಾಹತಿನಲ್ಲಿ ರಾಸಾಯನಿಕ ಕಾರ್ಖಾನೆಗಳು ಅನೇಕ. ಅಲ್ಲಿ ದುಡಿಯುವವರು ಒಂದು ಲೆಕ್ಕ ಇಡಬೇಕು: ರಜೆಯಲ್ಲಿ ಊರಿಗೆ ಹೋದಾಗ ತುರಿಕೆ ಇಳಿದು, ಕೆಲಸಕ್ಕೆ ಬಂದ ಮೇಲೆ ಏರುತ್ತದೆಯೇ? ಹಾಗಿದ್ದರೆ ಕೆಲಸದ ವಸ್ತುವಿನ ಸೋಂಕಿನಿಂದ ಬಂದ ಚರ್ಮದ ಉರಿಯೂತ ಇರಬಹುದು. ಡ್ರಮ್ಮಿನ ಮೇಲಿನ ಹೆಸರನ್ನು ಕಾಗದದಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಬೇಕು. ರಾಸಾಯನಿಕ ಮತ್ತು ಬಣ್ಣಗಳಿಂದ ಬರುವ ಚರ್ಮರೋಗವನ್ನು 1948ರ ಕಾರ್ಖಾನೆ ಕಾಯಿದೆಯೇ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದುದರಿಂದ ಇದನ್ನು ಹೇಳುವುದು ದೂರು ಹೇಳಿದಂತಲ್ಲ. ಹೆಲ್ಮೆಟ್ಟಿನ ಒಳಪಟ್ಟಿಯನ್ನು ಆಗಾಗ ತೊಳೆದು ಒಣಗಿಸುವುದು, ಇನ್ನೊಬ್ಬರ ಹೆಲ್ಮೆಟ್ಟು ಹಾಕದಿರುವುದು ಒಳ್ಳೆಯ ರೂಢಿ. ತುರಿಕೆಯೆಂದು ಹೆಲ್ಮೆಟ್ಟು ತೆಗೆದಿಡುವುದು ಮಾತ್ರ ಸಲ್ಲದು.

೮. ಎಲ್ಲಿ ತೋರಿಸುವುದು, ಏನು ಹೇಳುವುದು?

ಇ.ಎಸ್.ಐ. ಇದ್ದವರ ಸಂಬಳದಲ್ಲಿ 2019ರ ಜುಲೈಯಿಂದ ಶೇಕಡಾ 0.75 ಕಡಿತವಾಗುತ್ತದೆ, ಮಾಲಿಕರು ಶೇಕಡಾ 3.25 ತುಂಬುತ್ತಾರೆ. 12,000 ರೂಪಾಯಿ ಸಂಬಳಕ್ಕೆ ನಮ್ಮದು ತಿಂಗಳಿಗೆ 90 ರೂಪಾಯಿ, ಅವರದು 390. ಹಣ ಕೊಟ್ಟಾಗಿದೆ, ಚರ್ಮದ ಬಾಧೆಗೂ ಅದು ಸಲ್ಲುತ್ತದೆ. ಕಾರ್ಡು ತೆಗೆದುಕೊಂಡು ಹೋಗಲು ಸಂಕೋಚ ಬೇಡ. ಇಲ್ಲದವರಿಗೆ ಹತ್ತಿರದ ದೌಂಡಿನಲ್ಲಿ ಸರ್ಕಾರಿ ಆಸ್ಪತ್ರೆಯುಂಟು. ಅಲ್ಲಿಯೂ ತೀರದಿದ್ದರೆ ದೌಂಡ್ ಜಂಕ್ಷನ್ನಿನಿಂದ ರೈಲಿನಲ್ಲಿ ಪುಣೆಗೆ ಹೋಗಿ, ಬಿ. ಜೆ. ವೈದ್ಯಕೀಯ ಕಾಲೇಜಿಗೆ ಸೇರಿದ ಸಸೂನ್ ಆಸ್ಪತ್ರೆಯಲ್ಲಿ ಚರ್ಮದ ವಿಭಾಗವನ್ನು ಕೇಳಬೇಕು.

ಮರಾಠಿ ಬಾರದೆ ಬರೀ ತಲೆ ತೋರಿಸಿ ಬರುವವರಿಗಾಗಿ ಕೆಲವು ಮಾತುಗಳು:

ತಲೆಯಲ್ಲಿ ಹೊಟ್ಟಾಗಿದೆ: ಡೋಕ್ಯಾತ ಕೋಂಡಾ ಝಾಲಾ ಆಹೇ.
ಬಹಳ ತುರಿಸುತ್ತದೆ: ಖೂಪ ಖಾಜ ಯೇತೇ.
ಉರಿಯುತ್ತದೆ: ಆಗ ಹೋತೇ.
ಕೂದಲು ಉದುರುತ್ತವೆ: ಕೇಸ ಗಳತಾತ.
ಈ ಔಷಧ ಎಷ್ಟು ದಿನ ಹಚ್ಚಬೇಕು?: ಹೇ ಔಷಧ ಕಿತೀ ದಿವಸ ಲಾವಾಯಚೇ?
ಇದರಲ್ಲಿ ಸ್ಟೀರಾಯ್ಡ್ ಇದೆಯೇ?: ಯಾತ ಸ್ಟೇರಾಯ್ಡ ಆಹೇ ಕಾ?

ಈ ಮೊದಲು ಹಚ್ಚಿದ ಟ್ಯೂಬು, ಶೀಶೆಗಳು ಖಾಲಿಯಾಗಿದ್ದರೂ ಜೊತೆಗೆ ಒಯ್ಯಬೇಕು. ಏನು ಹಚ್ಚಿದಿರೆಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಬಿಳಿ ಮುಲಾಮು ಎಂದರೆ ಅವರಿಗೆ ಏನೂ ತಿಳಿಯದು.

ಓದಲು ಬಾರದ ಗೆಳೆಯರಿಗೆ ಈ ಪಾಠವನ್ನು ಓದಿ ಹೇಳಬೇಕೆಂದು ವಾಚಕರಲ್ಲಿ ವಿನಂತಿ. ಟ್ಯೂಬಿನ ಮೇಲಿನ ಸಣ್ಣಕ್ಷರ ಓದಲಾಗದವರು ಅದನ್ನು ಸಾಯಂಕಾಲ ವಾಚನಾಲಯಕ್ಕೆ ತಂದರೆ, ಮೇಜಿನ ಬಳಿ ಕುಳಿತವರು ಓದಿ ಹೇಳುತ್ತಾರೆ.