ಕಲನಶಾಸ್ತ್ರದ ಹೊಸ್ತಿಲಲ್ಲಿ ಹಳೆಯ ಪಾಠಗಳು



ಹತ್ತನೆಯ ಇಯತ್ತೆಯನ್ನು ಕನ್ನಡದಲ್ಲಿ ಮುಗಿಸಿ ವಿಜ್ಞಾನ ಶಾಖೆಯನ್ನು ಸೇರುವ ನಮ್ಮ ಮಕ್ಕಳು ಕಾಲೇಜಿನಲ್ಲಿ ಕಲನಶಾಸ್ತ್ರವನ್ನು ಮೊಟ್ಟಮೊದಲು ಎದುರಿಸುತ್ತಾರೆ. ಅಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಲೆಕ್ಕ ತಪ್ಪಿದಾಗಲೆಲ್ಲ ‘ಇಂಗ್ಲಿಷು ಬಾರದ್ದರಿಂದ ಹೀಗಾಯಿತು’ ಎಂದು ಅವರು ಎದೆಗುಂದುವುದುಂಟು. ಆದರೆ ಅವರ ವಹಿಯನ್ನು ತೆರೆದು ನೋಡಿದರೆ, ತಪ್ಪು ಅಡಗಿರುವುದು ಬಹುಮಟ್ಟಿಗೆ ಕನ್ನಡದಲ್ಲಿಯೇ ಕಲಿತ ಬೀಜಗಣಿತದಲ್ಲಿ. ಇದು ಸಮಾಧಾನದ ಸಂಗತಿಯೆಂದೇ ನಾವು ಭಾವಿಸುತ್ತೇವೆ. ಲಿಮಿಟ್, ಡೆರಿವೇಟಿವ್ ಮುಂತಾದ ಪದಗಳು ಕೆಲವು ವಾರಗಳಲ್ಲಿ ನಾಲಗೆಗೆ ಒಗ್ಗುತ್ತವೆ. ಬೀಜಗಣಿತವನ್ನಾದರೋ ಈ ಬೇಸಗೆಯ ರಜೆಯಲ್ಲಿಯೇ ತಿದ್ದಿಕೊಳ್ಳಬಹುದು.

ಕಲನಶಾಸ್ತ್ರದ ಮೊದಲ ಭಾಗವಾದ ಅವಕಲನದಲ್ಲಿ ಹೊಸ ವಿಚಾರ ಒಂದೇ: ಬದಲಾಗುತ್ತಿರುವ ಪರಿಮಾಣವು ಇದೇ ಕ್ಷಣದಲ್ಲಿ ಯಾವ ದರದಿಂದ ಬದಲಾಗುತ್ತಿದೆ ಎಂಬುದು. ಕ್ಷ² ಎಂಬುದನ್ನು ತೆಗೆದುಕೊಳ್ಳೋಣ. (ನಿಮ್ಮ ಪುಸ್ತಕದ ಎಕ್ಸ್ ಇಲ್ಲಿ ಕ್ಷ ಆಗಿದೆ, ಅಷ್ಟೆ.) ಕ್ಷ ಎಂಬುದು ಹ ದಷ್ಟು ಹೆಚ್ಚಿದರೆ, ಕ್ಷ²ದಲ್ಲಿ ಆದ ಹೆಚ್ಚಳವನ್ನು ಹ ದಿಂದ ಭಾಗಿಸಬೇಕು. (ಕ್ಷ + ಹ)² − ಕ್ಷ² = 2ಕ್ಷಹ + ಹ². ಭಾಗಿಸಿದಾಗ ಬರುವುದು 2ಕ್ಷ + ಹ. ಕ್ಷ = 3 ಆಗಿರಲಿ. ಹ = 0.1 ಆದರೆ ದರ 6.1; ಹ = 0.01 ಆದರೆ 6.01. ಹ ಸೊನ್ನೆಯನ್ನು ಸಮೀಪಿಸಿದಂತೆಲ್ಲ ದರವು 6ನ್ನು ಸಮೀಪಿಸುತ್ತದೆ.

ಈಗ (ಅ + ಬ)² = ಅ² + ಬ² ಎಂದು ಅವಸರದಲ್ಲಿ ಬರೆಯುವವನ ಗತಿಯೇನು? ಅವನಿಗೆ ಉಳಿಯುವುದು ಬರೀ ಹ²; ಭಾಗಿಸಿದರೆ ಹ; ಕೊನೆಗೆ ಸೊನ್ನೆ. ಕ್ಷ² ಎಲ್ಲಿಯೂ ಬದಲಾಗುವುದೇ ಇಲ್ಲವೆಂದು ಅವನು ಸಿದ್ಧಪಡಿಸಿದಂತಾಯಿತು! ಒಂದು ಪದ ಬಿಟ್ಟುಹೋದದ್ದರಿಂದ ಮೇಲೇರುವ ವಕ್ರರೇಖೆಯೇ ಸಪಾಟಾಯಿತು.

√ಕ್ಷ ದ ಸರದಿ ಬಂದಾಗ √(ಕ್ಷ + ಹ) − √ಕ್ಷ ಎಂಬುದನ್ನು ಹ ದಿಂದ ಭಾಗಿಸುವುದು ಹೇಗೆಂದು ತೋಚದು. ಕರಣಿಗಳ ಛೇದವನ್ನು ಅಕರಣೀಕರಿಸಲು ಕಲಿತ ಯುಕ್ತಿಯನ್ನು ಇಲ್ಲಿ ಅಂಶಕ್ಕೆ ಪ್ರಯೋಗಿಸಿರಿ. ಅಂಶ, ಛೇದ ಎರಡನ್ನೂ √(ಕ್ಷ + ಹ) + √ಕ್ಷ ದಿಂದ ಗುಣಿಸಿದರೆ ಅಂಶದಲ್ಲಿ ಹ ಮಾತ್ರ ಉಳಿದು ಛೇದದ ಹ ದೊಡನೆ ಹೋಗಿಬಿಡುತ್ತದೆ. ಉತ್ತರ 1/(2√ಕ್ಷ).

ತ್ರಿಕೋಣಮಿತಿಯಲ್ಲಿ ಎಲ್ಲರನ್ನೂ ಕಾಡುವುದು ರೇಡಿಯನ್. ಅಂಶಮಾನ ಇರುವಾಗ ಈ ಹೊಸ ಅಳತೆ ಏಕೆ? ಉತ್ತರಕ್ಕಾಗಿ ಆರ್ಯಭಟನ ಬಳಿಗೆ ಹೋಗೋಣ. ಸುಮಾರು 499ರಲ್ಲಿ ರಚಿತವಾದ ‘ಆರ್ಯಭಟೀಯ’ದ ಜ್ಯಾಕೋಷ್ಟಕದಲ್ಲಿ ವೃತ್ತದ ತ್ರಿಜ್ಯ 3438. ಈ ವಿಚಿತ್ರ ಸಂಖ್ಯೆ ಬಂದದ್ದು ಹೀಗೆ: ವೃತ್ತದ ಸುತ್ತಳತೆ 360 ಅಂಶ, ಅಂದರೆ 21,600 ಕಲೆಗಳು, ಅದನ್ನು 2π ಯಿಂದ ಭಾಗಿಸಿದರೆ ಸರಿಸುಮಾರು 3438. ಕಂಸವನ್ನು ಅಳೆಯುವ ಮಾನದಿಂದಲೇ ತ್ರಿಜ್ಯವನ್ನೂ ಅಳೆದದ್ದಾಯಿತು. ಇದರ ಫಲವನ್ನು ಕೋಷ್ಟಕದ ಮೊದಲ ಸಾಲಿನಲ್ಲಿಯೇ ಕಾಣಬಹುದು: 225 ಕಲೆಗಳ ಕಂಸಕ್ಕೆ ಜ್ಯಾ 225! ದೊಡ್ಡ ಕೋನಗಳಲ್ಲಿ ಈ ಸಮಾನತೆ ಇಲ್ಲ. 1800 ಕಲೆಗಳಿಗೆ ಜ್ಯಾ 1719. ಕೋನ ಕಿರಿದಾದಂತೆ ಕಂಸವೂ ಜ್ಯಾವೂ ಒಂದಾಗುತ್ತ ಹೋಗುತ್ತವೆ. ರೇಡಿಯನ್ನಿನ ಮರ್ಮವೂ ಇದೇ. ಅಲ್ಲಿ ತ್ರಿಜ್ಯವನ್ನು 1 ಎಂದು ಹಿಡಿಯುತ್ತಾರೆ. ಆದುದರಿಂದ ಸೈನ್ ಹ ವನ್ನು ಹ ದಿಂದ ಭಾಗಿಸಿದರೆ, ಹ ಸೊನ್ನೆಯನ್ನು ಸಮೀಪಿಸುವಾಗ, ಭಾಗಲಬ್ಧವು 1ನ್ನು ಸಮೀಪಿಸುತ್ತದೆ. ಅಂಶಮಾನದಲ್ಲಿ ಅದು ಸುಮಾರು 0.01745 ಆಗಿ ಪ್ರತಿ ಸೂತ್ರಕ್ಕೂ ಅಂಟಿಕೊಳ್ಳುತ್ತಿತ್ತು.

ಸೈನ್‌ನ ಬದಲಾವಣೆಯ ದರ ಕೊಸೈನ್. 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯನು ಗ್ರಹಗಳ ತಾತ್ಕಾಲಿಕ ಗತಿಯನ್ನು ಗಣಿಸುವಾಗ ಈ ಸಂಬಂಧವನ್ನೇ ಬಳಸಿದನು. ನೀವು ಅದನ್ನು ಸಾಧಿಸಬೇಕಾದರೆ ಸೈನ್ (ಕ್ಷ + ಹ) ವನ್ನು ಬಿಡಿಸುವ ಸೂತ್ರ ಬೇಕು. ಕಾಲೇಜಿನಲ್ಲಿ ಅದನ್ನು ಕಲಿಸುವಾಗ ಬರಿಯ ಬಾಯಿಪಾಠ ಮಾಡದೆ ಆಕೃತಿ ಬರೆದು ತಿಳಿಯಿರಿ.

ರಜೆಗೆ ಒಂದು ಲೆಕ್ಕ: 1/ಕ್ಷ ಕ್ಕೆ ಇದೇ ಕ್ರಮದಿಂದ ದರವನ್ನು ಕಂಡುಹಿಡಿಯಿರಿ. −1/ಕ್ಷ² ಬರಬೇಕು. ಋಣಚಿಹ್ನೆ ಬಾರದಿದ್ದರೆ, ಛೇದಗಳನ್ನು ಸಮಗೊಳಿಸಿದ ಸಾಲನ್ನು ಇನ್ನೊಮ್ಮೆ ಪರಿಶೀಲಿಸಿರಿ.