ಎರಡನೇ ಡ್ರೈವ್‌ಗೆ ಫೋಲ್ಡರ್ ಸಾಗಿಸುವ ಮುನ್ನ

ಪುಟ್ಟಿ, ನಿನ್ನ ಕಂಪ್ಯೂಟರಿನ 256 ಜಿಬಿ ಎಸ್‌ಎಸ್‌ಡಿ ತುಂಬಿತು, 2 ಟಿಬಿ ಹಾರ್ಡ್ ಡಿಸ್ಕ್ ಹಾಕಿಸಿದೆ ಅಂದೆಯಲ್ಲ. ನಿನ್ನ ಅಪ್ಪ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ ತಾಳಮದ್ದಳೆಗಳೂ ಆ ಎಸ್‌ಎಸ್‌ಡಿಯಲ್ಲೇ ಇವೆ. ಅದಕ್ಕೇ ಈ ನಾಲ್ಕು ಮಾತು. ನೀನು ಬಳಸುವುದು ಉಬುಂಟು, ಹಾಗಾಗಿ ಅದರದ್ದೇ ಹೇಳುತ್ತೇನೆ.

• ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿ, ಅದರ ಹಳೆಯ ಜಾಗದಲ್ಲಿ ಸಿಂಬಾಲಿಕ್ ಲಿಂಕ್ ಇಡುತ್ತೀಯ. ಸಿಂಬಾಲಿಕ್ ಲಿಂಕ್ ಅಂದರೆ ವಿಳಾಸ ಬರೆದ ಚೀಟಿ, ಅಷ್ಟೇ. '/ಡೇಟಾ/ವಿಡಿಯೋಸ್' ಎಂಬ ದಾರಿ ಇಂಗ್ಲಿಷಿನಲ್ಲಿ ಓರೆಗೆರೆ ಸೇರಿ 12 ಅಕ್ಷರ. ಅದರತ್ತ ತೋರಿಸುವ ಲಿಂಕಿನ ಗಾತ್ರವೂ 12 ಬೈಟ್. ಸಾಮಾನೆಲ್ಲ ಇರುವುದು ಆ ವಿಳಾಸದಲ್ಲಿ.

• ಡ್ರೈವ್‌ಗೆ ಕಾಯಂ ಜಾಗ ಕೊಡು. ಫೈಲ್ ಮ್ಯಾನೇಜರಿನಲ್ಲಿ ಕ್ಲಿಕ್ ಮಾಡಿದಾಗ ತಾನಾಗಿ ಸಿಗುವ ಜಾಗವನ್ನು ನಂಬಬೇಡ. ನಾನು ನಂಬಿದ್ದೆ. ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಅದೇ ಡ್ರೈವ್ ಹೆಸರಿನ ಕೊನೆಗೆ '1' ಅಂಟಿಸಿಕೊಂಡು ಬಂತು, ನನ್ನ ಲಿಂಕುಗಳೆಲ್ಲ ಟರ್ಮಿನಲ್ಲಿನಲ್ಲಿ ಕೆಂಪಗಾದವು. ಹಾಡೆಲ್ಲ ಹೋಯಿತೆಂದು ಅರ್ಧ ದಿನ ಕೈಕಾಲು ಆಡಲಿಲ್ಲ. ಫೈಲುಗಳೆಲ್ಲ ಭದ್ರವಾಗಿದ್ದವು, ತಪ್ಪಿದ್ದು ದಾರಿ ಮಾತ್ರ. 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಡ್ರೈವಿನ ಯುಯುಐಡಿ (ಅದರ ಗುರುತಿನ ಸಂಖ್ಯೆ) ಬರೆದು '/ಡೇಟಾ'ದಲ್ಲಿ ಮೌಂಟ್ ಮಾಡು. ಜೊತೆಗೆ 'ನೋಫೇಲ್' ಸೇರಿಸು. ಅದಿಲ್ಲದಿದ್ದರೆ ಡ್ರೈವ್ ಕೆಟ್ಟ ದಿನ ಕಂಪ್ಯೂಟರೇ ಸರಿಯಾಗಿ ಏಳುವುದಿಲ್ಲ.

• ಆ ಯುಯುಐಡಿ ಬರೆಯುವ ಮುಂಚೆಯೇ ಡ್ರೈವನ್ನು 'ಇಎಕ್ಸ್‌ಟಿ4'ಗೆ ಫಾರ್ಮ್ಯಾಟ್ ಮಾಡಿರು. ಫ್ಯಾಟ್32 ಬೇಡವೇ ಬೇಡ, 4 ಜಿಬಿ ಮುಟ್ಟುವ ವಿಡಿಯೋವನ್ನು ಅದು ತೆಗೆದುಕೊಳ್ಳುವುದಿಲ್ಲ.

• ಕಟ್ ಮಾಡಿ ಪೇಸ್ಟ್ ಮಾಡಬೇಡ. 'ಆರ್‌ಸಿಂಕ್'ನಿಂದ ಕಾಪಿ ಮಾಡು. ಮುಗಿದ ಮೇಲೆ ಅದೇ ಆಜ್ಞೆಯನ್ನು ಚೆಕ್‌ಸಮ್, ಡ್ರೈ ರನ್ ಮತ್ತು ವರ್ಬೋಸ್ ಆಯ್ಕೆಗಳೊಂದಿಗೆ ಇನ್ನೊಮ್ಮೆ ಓಡಿಸು: ಒಂದೇ ಒಂದು ಫೈಲಿನ ಹೆಸರೂ ಪಟ್ಟಿಯಲ್ಲಿ ಬರಬಾರದು. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

• ಹಳೆಯ ಫೋಲ್ಡರನ್ನು ಆಗಲೇ ಅಳಿಸಬೇಡ, 'ವಿಡಿಯೋಸ್-ಹಳೆಯದು' ಎಂದು ಹೆಸರು ಬದಲಿಸು. ಹೆಸರು ಬದಲಿಸದೆ ಲಿಂಕ್ ಮಾಡಿದರೆ ಲಿಂಕ್ ಆ ಫೋಲ್ಡರಿನ ಒಳಗೆ ಹೋಗಿ ಕೂರುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ. ಆಮೇಲೆ 'ಎಲ್‌ಎನ್ -ಎಸ್', ನಂತರ ನಿಜವಾದ ಜಾಗ, ಕೊನೆಗೆ ಲಿಂಕಿನ ಹೆಸರು. ಜಾಗವನ್ನು ಯಾವಾಗಲೂ ಮೊದಲ ಓರೆಗೆರೆಯಿಂದ ಪೂರ್ತಿ ಬರೆ. ಅರ್ಧ ದಾರಿ ಬರೆದರೆ ಅದನ್ನು ಲಿಂಕ್ ಇರುವ ಜಾಗದಿಂದ ಲೆಕ್ಕ ಹಾಕುತ್ತದೆಯೇ ಹೊರತು ನೀನು ನಿಂತಿರುವ ಜಾಗದಿಂದ ಅಲ್ಲ.

• ಒಂದು ವಾರ ಹಾಡು ಕೇಳು, ವಿಡಿಯೋ ನೋಡು, ಎರಡು ಸಲ ರೀಸ್ಟಾರ್ಟ್ ಮಾಡು. ಹಳೆಯದನ್ನು ಅಳಿಸುವುದು ಆಮೇಲೆ.

• ಸ್ನ್ಯಾಪ್‌ನಲ್ಲಿ ಹಾಕಿಕೊಂಡ ಪ್ಲೇಯರ್‌ಗೆ ನಿನ್ನ ಹೋಮ್ ಫೋಲ್ಡರಿನ ಆಚೆಗಿನ ಜಾಗ ಕಾಣದೇ ಇರಬಹುದು. ಲಿಂಕ್ ಸರಿಯಿದ್ದೂ ಹಾಡು ಬಾರದಿದ್ದರೆ ಅದೇ ಪ್ಲೇಯರಿನ ಡೆಬ್ ಪ್ಯಾಕೇಜ್ ಹಾಕಿ ನೋಡು.

• ಲಿಂಕ್ ಅಳಿಸಿದರೆ ಚೀಟಿ ಮಾತ್ರ ಹೋಗುತ್ತದೆ. ಲಿಂಕ್ ತೆರೆದು ಒಳಗಿನ ಫೈಲ್ ಅಳಿಸಿದರೆ ಫೈಲೇ ಹೋಗುತ್ತದೆ. ಈ ಎರಡನ್ನು ಯಾವತ್ತೂ ಗೊಂದಲ ಮಾಡಿಕೊಳ್ಳಬೇಡ.

• ಬ್ಯಾಕಪ್ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರು. ನೀನು ಹೋಮ್ ಫೋಲ್ಡರನ್ನಷ್ಟೇ ಆರ್‌ಸಿಂಕ್‌ನ 'ಎ' ಆಯ್ಕೆಯಲ್ಲಿ ಬ್ಯಾಕಪ್ ತೆಗೆದರೆ ಆ 12 ಬೈಟಿನ ಚೀಟಿ ಮಾತ್ರ ಕಾಪಿಯಾಗುತ್ತದೆ, ತಾಳಮದ್ದಳೆಗಳಲ್ಲ. '/ಡೇಟಾ'ವನ್ನೂ ಹೆಸರಿಟ್ಟು ಬ್ಯಾಕಪ್‌ಗೆ ಸೇರಿಸು. ಸಾಗಿಸಿದ್ದು ಅಂದರೆ ಎರಡು ಕಡೆ ಇದೆ ಅಂತಲ್ಲ, ಈಗಲೂ ಒಂದೇ ಕಡೆ ಇದೆ. ಅದೂ ತಿರುಗುವ ಡಿಸ್ಕಿನ ಮೇಲೆ.

ಆ ರೆಕಾರ್ಡಿಂಗುಗಳ ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹೋಗಿವೆ, ಮತ್ತೆ ತೆಗೆಯಲು ಆಗುವುದಿಲ್ಲ. ಈ ಭಾನುವಾರ ಮನೆಗೆ ಬಾ. ಮೊದಲು ಅವುಗಳ ಇನ್ನೊಂದು ಪ್ರತಿ ನನ್ನ ಡ್ರೈವ್‌ಗೆ ಹಾಕಿಬಿಡೋಣ, ಲಿಂಕ್ ಕೆಲಸ ಆಮೇಲೆ.